ಶ್ರೀನಗರದಿಂದ ಕನ್ಯಾಕುಮಾರಿಗೆ ಸೈಕಲ್ ಮೇಲೆ: ಹೊರಡುವ ಮುನ್ನ

ಭೂಪಟದ ಮೇಲೆ ಶ್ರೀನಗರದಿಂದ ಕನ್ಯಾಕುಮಾರಿಗೆ ಒಂದು ಗೇಣು ದೂರ. ನೆಲದ ಮೇಲೆ ಅದು ಸುಮಾರು 3,700 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 44 ಎಂದು ಕರೆಯಲಾಗುವ ಈ ದಾರಿ ದೇಶದ ಅತಿ ಉದ್ದದ ಹೆದ್ದಾರಿ. ಜಮ್ಮು, ಲೂಧಿಯಾನ, ದೆಹಲಿ, ಆಗ್ರಾ, ಝಾನ್ಸಿ, ನಾಗಪುರ, ಹೈದರಾಬಾದ್, ಕರ್ನೂಲು, ಅನಂತಪುರಗಳನ್ನು ಹಾದು ಬಾಗೇಪಲ್ಲಿಯ ಬಳಿ ಕರ್ನಾಟಕವನ್ನು ಪ್ರವೇಶಿಸಿ, ಚಿಕ್ಕಬಳ್ಳಾಪುರ, ಬೆಂಗಳೂರುಗಳನ್ನು ದಾಟಿ ಅತ್ತಿಬೆಲೆಯಲ್ಲಿ ತಮಿಳುನಾಡಿಗೆ ಇಳಿಯುತ್ತದೆ. ಇಷ್ಟು ದೊಡ್ಡ ದಾರಿಯಲ್ಲಿ ನಮ್ಮ ರಾಜ್ಯದ ಪಾಲು ಸುಮಾರು 125 ಕಿ.ಮೀ. ಮಾತ್ರ.

ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ತುಳಿಯಬೇಕೆಂಬ ಆಸೆ ಇಂದು ಅಪರೂಪದ್ದಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಭಾನುವಾರ ಬೆಳಗಾಗುವ ಮೊದಲೇ ಹೆಲ್ಮೆಟ್ ತೊಟ್ಟು ಹೊರಡುವ ಗುಂಪುಗಳಲ್ಲಿ ಈ ಮಾತು ಒಮ್ಮೆಯಾದರೂ ಬರುತ್ತದೆ. ಆದರೆ ಭಾನುವಾರದ ಎಂಬತ್ತು ಕಿಲೋಮೀಟರಿಗೂ ನಲವತ್ತು ದಿನ ಬಿಡದೆ ತುಳಿಯುವ ನೂರು ಕಿಲೋಮೀಟರಿಗೂ ಅಜಗಜಾಂತರವಿದೆ. ಮೊದಲನೆಯದಕ್ಕೆ ಕಾಲಿನ ಬಲ ಸಾಕು. ಎರಡನೆಯದಕ್ಕೆ ಪಂಚಾಂಗ, ಗಣಿತ, ರಿಪೇರಿ ಪೆಟ್ಟಿಗೆ, ಮನೆಯವರ ಒಪ್ಪಿಗೆ ಎಲ್ಲವೂ ಬೇಕು.

ಇಂಥ ಸಾಹಸ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1923ರಲ್ಲಿ ಮುಂಬಯಿಯ ಪಾರ್ಸಿ ತರುಣರ ಗುಂಪೊಂದು ಸೈಕಲ್ ಮೇಲೆ ಲೋಕ ಸುತ್ತಲು ಹೊರಟಿತು. ಇರಾನಿನ ಮರಳುಗಾಡನ್ನೂ ಮೆಸೊಪೊಟೇಮಿಯವನ್ನೂ ದಾಟಿ, ಖಂಡಗಳನ್ನು ಸುತ್ತಿ 1928ರಲ್ಲಿ ಊರಿಗೆ ಮರಳಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭೂಮ್‌ಗರಾ. ಅವರ ಬಳಿ ಗೇರಿನ ಸೈಕಲ್ ಇರಲಿಲ್ಲ, ಮೊಬೈಲ್ ಇರಲಿಲ್ಲ. ಇಂದಿನ ಸವಾರನಿಗೆ ಅವೆರಡೂ ಉಂಟು, ಜೊತೆಗೆ ಅವರು ಕಾಣದ ಲಾರಿಗಳ ಸಾಲೂ ಉಂಟು.

ಮೊದಲ ಲೆಕ್ಕ ರಜೆಯದು

ದಿನಕ್ಕೆ ನೂರು ಕಿ.ಮೀ. ಎಂದರೆ 37 ದಿನ. ಆರು ದಿನಕ್ಕೊಂದು ವಿಶ್ರಾಂತಿ, ಜ್ವರಕ್ಕೋ ಮಳೆಗೋ ರಸ್ತೆ ಮುಚ್ಚಿದ್ದಕ್ಕೋ ಮೂರು ನಾಲ್ಕು ದಿನದ ಸಡಿಲು ಸೇರಿಸಿದರೆ ಆರೂವರೆ ವಾರ. ಇದರ ಮೇಲೆ ಊರಿನಿಂದ ಶ್ರೀನಗರಕ್ಕೆ ಹೋಗುವ, ಕನ್ಯಾಕುಮಾರಿಯಿಂದ ಹಿಂತಿರುಗುವ ದಿನಗಳು. ಒಟ್ಟು ಏಳೂವರೆ ವಾರವಿಲ್ಲದೆ ಈ ಪ್ರಯಾಣ ನೆಮ್ಮದಿಯಿಂದ ಮುಗಿಯದು.

ನೌಕರಿಯಲ್ಲಿರುವವರಿಗೆ ಒಟ್ಟಿಗೆ ಇಷ್ಟು ರಜೆ ಸಿಗುವುದು ಕಷ್ಟ. ಆಗ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದಾರಿಯನ್ನು ಹಾಗೆಯೇ ಇಟ್ಟುಕೊಂಡು ದಿನದ ಅಳತೆಯನ್ನು ಹಿಗ್ಗಿಸುವುದು. ತಿಂಗಳಲ್ಲಿ ಮುಗಿಸಬೇಕೆಂದರೆ ವಿಶ್ರಾಂತಿಯಿಲ್ಲದೆ ದಿನಕ್ಕೆ 125 ಕಿ.ಮೀ.ಗೆ ಕಡಿಮೆಯಿಲ್ಲದೆ ತುಳಿಯಬೇಕು. ಕಾಗದದ ಮೇಲೆ ಇಪ್ಪತ್ತೈದೇ ಕಿಲೋಮೀಟರ್ ಹೆಚ್ಚು. ಆದರೆ ಹೊರೆ ಹೊತ್ತ ಸೈಕಲ್ಲಿಗೆ ಅದು ಒಂದೂವರೆ ಗಂಟೆಗೂ ಮೀರಿದ ಕೆಲಸ. ಆ ಒಂದೂವರೆ ಗಂಟೆ ದಿನದ ಕೊನೆಗೆ ಬಂದು ಸೇರುತ್ತದೆ, ಅಂದರೆ ಕತ್ತಲಾದ ಮೇಲೆ, ದೇಹ ದಣಿದಾಗ. ಹೆದ್ದಾರಿಯ ಮೇಲೆ ಇದಕ್ಕಿಂತ ಕೆಟ್ಟ ಹೊತ್ತು ಮತ್ತೊಂದಿಲ್ಲ.

ರಜೆ ಕಡಿಮೆಯಿದ್ದರೆ ದಾರಿಯನ್ನೇ ಕತ್ತರಿಸುವುದು ಜಾಣತನ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಸುಮಾರು 660 ಕಿ.ಮೀ. ಒಂದು ವಾರದಲ್ಲಿ ಹೋಗಬಹುದು. ಹೈದರಾಬಾದಿನಿಂದ ಹೊರಟರೆ ಎರಡು ವಾರ. ಅರ್ಧ ದಾರಿಯನ್ನು ಚೆನ್ನಾಗಿ ತುಳಿದವರು ಇನ್ನರ್ಧಕ್ಕೆ ಮುಂದಿನ ವರ್ಷ ಹೋಗಬಹುದು. ಮೊಣಕಾಲು ಕೆಡಿಸಿಕೊಂಡು ಬಂದವರಿಗೆ ಆ ಅವಕಾಶವೂ ಇರುವುದಿಲ್ಲ.

ಯಾವ ತಿಂಗಳು, ಯಾವ ದಿಕ್ಕು?

ಈ ದಾರಿಯ ನಿಜವಾದ ಒಗಟು ಇದೇ. 3,700 ಕಿ.ಮೀ. ಉದ್ದಕ್ಕೂ ಒಟ್ಟಿಗೆ ಹಿತವಾಗಿರುವ ತಿಂಗಳೇ ಇಲ್ಲ. ಚಳಿಗಾಲದಲ್ಲಿ ಕಾಶ್ಮೀರದಲ್ಲಿ ಹಿಮ, ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಪಂಜಾಬಿನಿಂದ ದೆಹಲಿಯವರೆಗೆ ಹತ್ತು ಮಾರು ಮುಂದಿನದು ಕಾಣದಂಥ ಮಂಜು. ಏಪ್ರಿಲ್, ಮೇನಲ್ಲಿ ಝಾನ್ಸಿ, ನಾಗಪುರಗಳ ಸುಡುಬಿಸಿಲು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಅಕ್ಟೋಬರ್ ಮೂರನೆಯ ವಾರದಿಂದ ತಮಿಳುನಾಡಿನಲ್ಲಿ ಹಿಂಗಾರು.

ಉಳಿಯುವ ಉಪಾಯ ಒಂದೇ. ಕದಲುವ ಋತುವಿನ ಜೊತೆ ತಾನೂ ಕದಲುವುದು. ನೈಋತ್ಯ ಮಾರುತ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಪಶ್ಚಿಮ ರಾಜಸ್ಥಾನದಿಂದ ಹಿಂದೆ ಸರಿಯಲು ಆರಂಭಿಸಿ ಅಕ್ಟೋಬರ್ ಮಧ್ಯಕ್ಕೆ ದಕ್ಷಿಣವನ್ನೂ ಬಿಡುತ್ತದೆ. ಅಕ್ಟೋಬರ್ ಮೊದಲ ದಿನಗಳಲ್ಲಿ ಶ್ರೀನಗರದಿಂದ ಹೊರಟವರು ಈ ಮಳೆಯ ಬೆನ್ನು ಹಿಡಿದು ಬಂದಂತೆ ದಕ್ಷಿಣಕ್ಕೆ ಬರುತ್ತಾರೆ. ಪಂಜಾಬಿನ ಗದ್ದೆಗಳಲ್ಲಿ ಕೂಳೆ ಸುಡುವ ಹೊಗೆ ದಟ್ಟವಾಗುವ ಮೊದಲೇ ದೆಹಲಿಯನ್ನು ದಾಟಿರುತ್ತಾರೆ. ಅಕ್ಟೋಬರ್ ಕೊನೆಯ ವಾರ ನಾಗಪುರ, ನವೆಂಬರ್ ಮೊದಲ ಹತ್ತು ದಿನಗಳಲ್ಲಿ ಬೆಂಗಳೂರು. ಕೊನೆಯ ವಾರ ತಮಿಳುನಾಡಿನಲ್ಲಿ ತೊಯ್ಯುವುದು ಬಹುತೇಕ ಖಚಿತ. ಆದರೆ ಸೇಲಂ, ಮಧುರೆಗಳ ಬಯಲಿನಲ್ಲಿ ನೆನೆಯುವುದಕ್ಕೂ ರಾಮಬನದ ಕಣಿವೆಯಲ್ಲಿ ಗುಡ್ಡ ಕುಸಿಯುವುದಕ್ಕೂ ಹೋಲಿಕೆಯಿಲ್ಲ. ಎರಡು ಕಷ್ಟಗಳಲ್ಲಿ ಚಿಕ್ಕದನ್ನು ಆರಿಸಿಕೊಳ್ಳುವುದೂ ಸಿದ್ಧತೆಯೇ.

ಉತ್ತರದಿಂದ ದಕ್ಷಿಣಕ್ಕೆ ಬರುವುದರಲ್ಲಿ ಇನ್ನೊಂದು ಲಾಭವೂ ಇದೆ. ಮುಂಗಾರು ಸರಿದ ಮೇಲೆ ಗಾಳಿ ಉತ್ತರ ಭಾರತದಲ್ಲಿ ವಾಯವ್ಯದಿಂದ, ದಖ್ಖನಿನಲ್ಲಿ ಈಶಾನ್ಯದಿಂದ ಬೀಸುತ್ತದೆ. ಎರಡೂ ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಮಾತ್ರ ಇದರ ಬೆಲೆ ಗೊತ್ತು. ಏರಿಗೆ ತುದಿಯಾದರೂ ಇದೆ, ಎದುರುಗಾಳಿಗೆ ಅದೂ ಇಲ್ಲ. ಕನ್ಯಾಕುಮಾರಿ ಸಮೀಪದ ಮುಪ್ಪಂದಲ್ ಬಳಿ ನೂರಾರು ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನಲ್ಲಿ ಅಲ್ಲಿ ಪಶ್ಚಿಮದಿಂದ ನುಗ್ಗುವ ಗಾಳಿ ಸೈಕಲ್ಲನ್ನು ಅಡ್ಡಕ್ಕೆ ತಳ್ಳುತ್ತದೆ. ನವೆಂಬರಿನಲ್ಲಿ ಆ ಭಯ ಕಡಿಮೆ.

ಆರಂಭದ 260 ಕಿ.ಮೀ. ಬೇರೆಯದೇ ಪಾಠ. ಶ್ರೀನಗರದಿಂದ ಕಾಜಿಗುಂಡ್‌ವರೆಗೆ ಬಯಲು. ಅಲ್ಲಿಂದ ಬನಿಹಾಲಿಗೆ ಸುಮಾರು ಎಂಟೂವರೆ ಕಿ.ಮೀ. ಉದ್ದದ ಸುರಂಗ. ಮುಂದೆ ಚೆನಾಬ್ ಕಣಿವೆ, ಆಮೇಲೆ ಒಂಬತ್ತು ಕಿ.ಮೀ. ಮೀರಿದ ಚೆನಾನಿ-ನಾಶ್ರಿ ಸುರಂಗ. ಸುರಂಗದೊಳಗೆ ಸೈಕಲ್ ಬಿಡುವುದು ಬಿಡದಿರುವುದು ಅಲ್ಲಿನ ಸಿಬ್ಬಂದಿಗೆ ಸೇರಿದ್ದು. ಬಿಡದಿದ್ದರೆ ಸೈಕಲ್ಲನ್ನು ಸರಕು ಗಾಡಿಗೆ ಹೇರಿ ದಾಟುವುದರಲ್ಲಿ ಅವಮಾನವೇನಿಲ್ಲ. ಒಂದು ಮೀಟರೂ ಬಿಡದೆ ತುಳಿದೆನೆಂಬ ಹಟಕ್ಕಾಗಿ ಹೊಗೆ ತುಂಬಿದ ಸುರಂಗದಲ್ಲಿ ಲಾರಿಗಳ ನಡುವೆ ನುಗ್ಗುವುದು ಸಾಹಸವಲ್ಲ. 2025ರ ಆಗಸ್ಟ್ ಕೊನೆಯ ಮಳೆಗೆ ಇದೇ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಆದ್ದರಿಂದ ಸಡಿಲಿನ ದಿನಗಳಲ್ಲಿ ಎರಡನ್ನಾದರೂ ಈ ಭಾಗಕ್ಕೇ ಮೀಸಲಿಡಬೇಕು. ಭದ್ರತಾ ಪಡೆಯವರು ನಿಲ್ಲಿಸಿದರೆ ಗುರುತಿನ ಚೀಟಿ ತೋರಿಸಿ, ಹೇಳಿದಷ್ಟು ಹೊತ್ತು ಕಾಯಬೇಕು. ಅಲ್ಲಿ ವಾದಕ್ಕೆ ಜಾಗವಿಲ್ಲ. ಹೊರರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ಹೊರಡುವ ಮೊದಲೇ ತಿಳಿದಿರಬೇಕು. ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳದೆ ಹೋದವರ ಮನೆಯಲ್ಲಿ ಮೊದಲ ಮೂರು ದಿನ ಯಾರಿಗೂ ನಿದ್ದೆ ಬಾರದು.

ಸೈಕಲ್ ಎಷ್ಟು ದುಬಾರಿ ಎಂಬುದಲ್ಲ ಪ್ರಶ್ನೆ

ಲಕ್ಷ ರೂಪಾಯಿಯ ಸೈಕಲ್ ನಡುದಾರಿಯಲ್ಲಿ ನಿಂತರೆ ಅದು ಲಕ್ಷ ರೂಪಾಯಿಯ ಕಬ್ಬಿಣ. ಕೇಳಬೇಕಾದ ಪ್ರಶ್ನೆ ಇದು: ಸಾಗರ ಮತ್ತು ಸಿವನಿಯ ನಡುವೆ ಎಲ್ಲೋ ಕೆಟ್ಟು ನಿಂತರೆ ಹತ್ತಿರದ ಸಣ್ಣ ಊರಿನಲ್ಲಿ ಇದರ ಯಾವ ಭಾಗ ಸಿಗುತ್ತದೆ?

ಚಕ್ರದಿಂದಲೇ ಆರಂಭಿಸಬೇಕು. ನಮ್ಮ ಹಳೆಯ ಕಪ್ಪು ಸೈಕಲ್ಲಿನ 28 ಇಂಚಿನ ಟಯರು, ಇಂದಿನ ಗೇರು ಸೈಕಲ್ಲುಗಳ 700 ಸಿ ಟಯರು ಕಣ್ಣಿಗೆ ಒಂದೇ ಅಳತೆಯಂತೆ ಕಾಣುತ್ತವೆ. ಆದರೆ ಮೊದಲನೆಯದು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ., ಎರಡನೆಯದರದು 622. ಒಂದರದು ಇನ್ನೊಂದಕ್ಕೆ ಕೂರದು. 26 ಇಂಚಿನಲ್ಲೂ ಇದೇ ಗೋಜಲು. ಬೆಟ್ಟದ ಸೈಕಲ್ಲಿನ 26 ಇಂಚು ಎಂದರೆ 559 ಮಿ.ಮೀ., ಹೆಣ್ಣುಮಕ್ಕಳ ಹಳೆಯ ಸೈಕಲ್ಲಿನ 26 ಇಂಚು ಎಂದರೆ 590. ಅಂಗಡಿಯವನಿಗೆ 'ಇಪ್ಪತ್ತಾರು' ಎಂದಷ್ಟೇ ಹೇಳಿ ತಂದ ಟಯರು ಸಂಜೆ ರಿಮ್ಮಿನ ಸುತ್ತ ಸಡಿಲವಾಗಿ ತಿರುಗಿದರೆ ತಪ್ಪು ಅಂಗಡಿಯವನದಲ್ಲ. ಟಯರಿನ ಮಗ್ಗುಲಲ್ಲಿ ಅಚ್ಚಾದ ಈ ಮೂರಂಕಿಯ ಸಂಖ್ಯೆಯನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಬೆಟ್ಟದ ಸೈಕಲ್ಲಿನ 26 ಇಂಚಿನ ಟಯರು ಸಣ್ಣ ಪಟ್ಟಣಗಳಲ್ಲೂ ಸಿಗುತ್ತದೆ. 700 ಸಿ ಇರುವವರು ಒಂದು ಮಡಚುವ ಟಯರನ್ನು ಜೊತೆಗೇ ಹೊತ್ತೊಯ್ಯುವುದು ಲೇಸು.

ಎರಡನೆಯದು ವಾಲ್ವು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೈಕು, ಕಾರುಗಳ ದಪ್ಪ ವಾಲ್ವಿಗೆ ಮಾಡಿದ್ದು. ದುಬಾರಿ ಸೈಕಲ್ಲುಗಳಲ್ಲಿರುವ ಸಣಕಲು ಪ್ರೆಸ್ಟಾ ವಾಲ್ವಿಗೆ ಅದು ಕೂರುವುದಿಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಹಿತ್ತಾಳೆಯ ಅಡಾಪ್ಟರ್ ಒಂದಿದ್ದರೆ ಪರಿಹಾರವಾಯಿತು. ತಕ್ಕಡಿಯಲ್ಲಿ ತೂಗಲೂ ಆಗದ ಈ ಚೂರು ಇಲ್ಲದೆ ಗಾಳಿ ಅಂಗಡಿಯ ಎದುರೇ ಕೈಪಂಪು ಒತ್ತುತ್ತಾ ಕೂರಬೇಕಾಗುತ್ತದೆ.

ಹೆದ್ದಾರಿಯಲ್ಲಿ ಪಂಕ್ಚರ್ ಆಗುವುದು ಮೊಳೆಯಿಂದಲೋ ಮುಳ್ಳಿನಿಂದಲೋ ಮಾತ್ರವಲ್ಲ. ಸಿಡಿದ ಲಾರಿ ಟಯರುಗಳ ಚಿಂದಿಯಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ದಾರಿಯ ಅಂಚಿನಲ್ಲಿ ಚೆಲ್ಲಿರುತ್ತದೆ. ಅದು ಟಯರಿನೊಳಗೆ ಸೇರಿ ಅಲ್ಲೇ ಉಳಿಯುತ್ತದೆ. ಟ್ಯೂಬಿಗೆ ತೇಪೆ ಹಾಕಿ ಹೊರಟ ಅರ್ಧ ಗಂಟೆಗೆ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುತ್ತದೆ. ತೇಪೆಗೆ ಮೊದಲು ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ, ದಾರ ಸಿಕ್ಕಿಕೊಂಡ ಕಡೆ ಹುಡುಕಿ, ಚಿಕ್ಕ ಚಿಮಟಿಗೆಯಿಂದ ಎಳೆದು ತೆಗೆಯಬೇಕು. ಈ ಕೆಲಸವನ್ನು ಮನೆಯ ಅಂಗಳದಲ್ಲಿ ನಾಲ್ಕು ಸಲ ಮಾಡಿ ಕಲಿತವರಿಗೆ ಅದು ಹತ್ತು ನಿಮಿಷದ್ದು. ದಾರಿಯಲ್ಲಿ ಮೊದಲ ಸಲ ಮಾಡುವವರಿಗೆ ಅರ್ಧ ದಿನದ್ದು.

ಹೊರೆ ಬಿದ್ದಾಗ ಮೊದಲು ಮುರಿಯುವುದು ಹಿಂದಿನ ಚಕ್ರದ ಬಲಬದಿಯ ಕಡ್ಡಿಗಳು. ಗೇರಿನ ಹಲ್ಲುಚಕ್ರಗಳ ಹಿಂದೆ ಅಡಗಿರುವುದರಿಂದ ಅವನ್ನು ಬದಲಿಸಲು ಬೇರೆಯೇ ಸಲಕರಣೆ ಬೇಕು. ಆದಷ್ಟು 36 ಕಡ್ಡಿಯ ಚಕ್ರ ಹಾಕಿಸಿ, ಇನ್ನೂರು ಮುನ್ನೂರು ಕಿ.ಮೀ. ತುಳಿದು, ಮತ್ತೊಮ್ಮೆ ಬಿಗಿ ಮಾಡಿಸಿಯೇ ಹೊರಡಬೇಕು. ಹೊಸ ಕಡ್ಡಿಗಳು ಮೊದಲ ಓಟದಲ್ಲಿ ಸಡಿಲಗೊಂಡೇ ತೀರುತ್ತವೆ. ಚೌಕಟ್ಟು ಉಕ್ಕಿನದಾದರೆ ಬಿರುಕು ಬಿಟ್ಟಾಗ ಊರಿನ ವೆಲ್ಡಿಂಗ್ ಅಂಗಡಿಯವನೂ ಬೆಸೆದು ಕೊಡುತ್ತಾನೆ. ಅಲ್ಯೂಮಿನಿಯಮ್ಮಿಗೆ ಆ ಭಾಗ್ಯವಿಲ್ಲ. ಉಳಿದಂತೆ ಎರಡು ಟ್ಯೂಬು, ತೇಪೆಯ ಡಬ್ಬಿ, ಪಂಪು, ಅಲೆನ್ ಕೀ ಗೊಂಚಲು, ಚೈನು ಬಿಚ್ಚುವ ಸಾಧನ, ಚೈನಿನ ಜೋಡುಕೊಂಡಿ, ನಾಲ್ಕು ಕಡ್ಡಿ, ಬ್ರೇಕಿನ ಗಟ್ಟಿ, ಒಂದು ಗೇರು ವಯರು. ಇಷ್ಟು ಸಾಕು.

ಸಾಮಾನು ಹದಿನೈದು ಕೆ.ಜಿ. ಮೀರಬಾರದು, ಮತ್ತು ಅದು ಬೆನ್ನ ಮೇಲಿರದೆ ಕ್ಯಾರಿಯರಿನ ಎರಡು ಬದಿಯ ಚೀಲಗಳಲ್ಲಿರಬೇಕು. ಬೆನ್ನಿಗೆ ಹೊತ್ತ ಐದು ಕೆ.ಜಿ. ಮೂರನೆಯ ದಿನ ಸೊಂಟಕ್ಕೂ ಸೀಟಿಗೂ ಇಳಿಯುತ್ತದೆ. ಈ ದಾರಿಯಲ್ಲಿ ಗುಡಾರ, ಒಲೆ ಹೊರುವ ಅಗತ್ಯವೂ ಕಡಿಮೆ. ಉತ್ತರದಲ್ಲಿ ಧಾಬಾಗಳ ಹಗ್ಗದ ಮಂಚ, ಪಂಜಾಬಿನಲ್ಲಿ ಗುರುದ್ವಾರಗಳ ಊಟ-ವಸತಿ, ಎಲ್ಲೆಡೆ ಸಾಧಾರಣ ಲಾಡ್ಜುಗಳಿವೆ. ಒಂಟಿಯಾಗಿ ಹೊರಡುವ ಮಹಿಳೆಯರು ರಾತ್ರಿಯ ತಂಗುದಾಣವನ್ನು ಹಿಂದಿನ ದಿನವೇ ಫೋನಿನಲ್ಲಿ ಖಚಿತಪಡಿಸಿಕೊಂಡು, ಅದಕ್ಕೆ ತಕ್ಕಂತೆ ದಿನದ ದೂರ ನಿರ್ಧರಿಸುವುದು ರೂಢಿ. ಪುರುಷರೂ ಹಾಗೆ ಮಾಡಿದರೆ ನಷ್ಟವೇನಿಲ್ಲ.

ದೇಹ ಹೇಳುವುದನ್ನು ಕೇಳುವುದು

ದೂರದ ಸೈಕಲ್ ಸವಾರಿಗೆ ನಮ್ಮಲ್ಲಿ ಸಿಗುವ ಒಳ್ಳೆಯ ಒರೆಗಲ್ಲು ಬ್ರೆವೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ, 300 ಕಿ.ಮೀ.ಯನ್ನು 20 ಗಂಟೆಯಲ್ಲಿ ಮುಗಿಸಬೇಕಾದ ಈ ಸವಾರಿಗಳು ಬೆಂಗಳೂರಿನಲ್ಲಿ ನಿಯಮಿತವಾಗಿ ನಡೆಯುತ್ತವೆ. ಆದರೆ ಬ್ರೆವೆ ಮುಗಿಸಿದವರು ಮರುದಿನ ಮಲಗಬಹುದು. ಹೆದ್ದಾರಿ 44ರಲ್ಲಿ ಮರುದಿನ ಮತ್ತೆ ಅದೇ ಸೀಟಿನ ಮೇಲೆ ಕೂರಬೇಕು. ದೇಹ ಸೋಲುವುದು ಬಲ ಸಾಲದೆ ಅಲ್ಲ, ಸಣ್ಣ ನೋವು ಮಾಯುವ ಮೊದಲೇ ಅದೇ ಜಾಗಕ್ಕೆ ಮತ್ತೆ ಪೆಟ್ಟು ಬೀಳುವುದರಿಂದ.

ಮೊಣಕಾಲು ನೋವಿನ ಬಹುಪಾಲು ಕಾರಣ ತಗ್ಗಿನ ಸೀಟು. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತುತ್ತಿದೆಯೆಂದು ಅರ್ಥ. ಹ್ಯಾಂಡಲ್ ಎತ್ತರಿಸಬೇಕು, ಹಿಡಿತ ಬದಲಿಸುತ್ತಿರಬೇಕು. ಕೂರುವ ಜಾಗದ ಹುಣ್ಣಿನ ಬಗ್ಗೆ ಸಂಕೋಚದಿಂದ ಯಾರೂ ಮಾತನಾಡುವುದಿಲ್ಲ. ಆದರೆ ಪ್ರಯಾಣವನ್ನು ನಿಲ್ಲಿಸುವ ಶಕ್ತಿ ಅದಕ್ಕಿರುವಷ್ಟು ಬೆಟ್ಟಗಳಿಗೂ ಇಲ್ಲ. ಮೆತ್ತೆಯಿರುವ ಚಡ್ಡಿಯನ್ನು ಒಳಉಡುಪಿಲ್ಲದೆ ತೊಡುವುದು, ದಿನವೂ ಒಗೆದು ಒಣಗಿಸುವುದು, ಕೆಂಪಾದ ದಿನವೇ ನಿಲ್ಲಿಸಿ ಒಂದು ದಿನ ಗಾಳಿಯಾಡಲು ಬಿಡುವುದು. ಇದಕ್ಕಿಂತ ಬೇರೆ ಔಷಧವಿಲ್ಲ.

ನೂರು ಕಿಲೋಮೀಟರ್ ತುಳಿಯಲು ಮಾಮೂಲು ಊಟದ ಮೇಲೆ ಎರಡೂವರೆ ಸಾವಿರದಷ್ಟು ಕ್ಯಾಲೊರಿ ಬೇಕು. ಒಂದೇ ಸಲ ಉಂಡು ತುಂಬಿಸಲಾಗದ್ದು ಇದು. ಗಂಟೆಗೊಮ್ಮೆ ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಪರೋಟ ಹೀಗೆ ತಿನ್ನುತ್ತಲೇ ಇರಬೇಕು. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ಹಿಂತಿರುಗುವುದಿಲ್ಲ. ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕದಡಿಟ್ಟುಕೊಳ್ಳುವುದು ಸರಳ ದಾರಿ.

ಲಾರಿ, ಕತ್ತಲು, ನಾಯಿ

2022ರಲ್ಲಿ ದೇಶದ ರಸ್ತೆಗಳಲ್ಲಿ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಮನೆಯವರು ಬೇಡವೆಂದು ಹೇಳುವುದು ಹೆದರಿಕೆಯ ಸ್ವಭಾವದಿಂದ ಅಲ್ಲ, ಈ ಲೆಕ್ಕ ಅವರಿಗೂ ಗೊತ್ತಿರುವುದರಿಂದ. ಅವರನ್ನು ಒಪ್ಪಿಸಲು ಮಾತಿಗಿಂತ ಕಟ್ಟುಪಾಡು ಒಳ್ಳೆಯದು.

ಮೊದಲ ಕಟ್ಟುಪಾಡು, ಸೂರ್ಯ ಮುಳುಗಿದ ಮೇಲೆ ಹೆದ್ದಾರಿಯ ಮೇಲಿರಕೂಡದು. ಬೆಳಗಿನ ಬೆಳಕಿಗೆ ಹೊರಟು ಮಧ್ಯಾಹ್ನದೊಳಗೆ ಮುಕ್ಕಾಲು ದೂರ ಮುಗಿಸಿದರೆ ಇದು ಸಾಧ್ಯ. ಎರಡನೆಯದು, ಹಗಲಿನಲ್ಲೂ ಹಿಂದೆ ಕೆಂಪು ದೀಪ ಮಿನುಗುತ್ತಿರಬೇಕು, ಹ್ಯಾಂಡಲಿನ ಬಲಕ್ಕೆ ಕನ್ನಡಿ ಇರಬೇಕು. ಬಿಳಿ ಗೆರೆಯ ಹೊರಗಿನ ಅಂಚಿನಲ್ಲಿ ಹೋಗುವಾಗ ಹಿಂದಿನಿಂದ ಬರುವ ಲಾರಿಯಷ್ಟೇ ಅಪಾಯ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕು, ಟ್ರ್ಯಾಕ್ಟರುಗಳದು. ಧಾಬಾ, ಊರು, ತಿರುವುಗಳು ಹತ್ತಿರವಾದಂತೆ ಅವು ಹೆಚ್ಚುತ್ತವೆ.

ದಾರಿಯ ಕೆಲವು ಜಾಗಗಳನ್ನು ಮೊದಲೇ ಗುರುತಿಟ್ಟುಕೊಳ್ಳಬೇಕು. ಸಿವನಿಯಿಂದ ನಾಗಪುರದ ಕಡೆ ಹೆದ್ದಾರಿ ಪೆಂಚ್ ಕಾಡಿನ ಮಗ್ಗುಲಲ್ಲೇ ಹಾಯುತ್ತದೆ. ಹುಲಿಗಳು ದಾಟಲೆಂದು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಲಾಗಿರುವ ಈ ಭಾಗವನ್ನು ನಡುಹಗಲಿನಲ್ಲಿ ದಾಟಬೇಕು. ಧರ್ಮಪುರಿಯಿಂದ ಸೇಲಂಗೆ ಇಳಿಯುವ ತೊಪ್ಪೂರು ಘಾಟಿ ಬ್ರೇಕು ತಪ್ಪಿದ ಲಾರಿಗಳಿಗೆ ಕುಖ್ಯಾತ. ಇಳಿಜಾರು ಬಂತೆಂದು ಹಿಗ್ಗದೆ, ಬ್ರೇಕಿನ ಗಟ್ಟಿಯನ್ನು ಕೃಷ್ಣಗಿರಿಯಲ್ಲೇ ಪರೀಕ್ಷಿಸಿ, ಬೆಳಗಿನ ಹೊತ್ತು ಇಳಿಯುವುದು ಕ್ಷೇಮ. ಎಲ್ಲ ದೊಡ್ಡ ರಸ್ತೆಗಳೂ ಸೈಕಲ್ಲಿಗೆ ತೆರೆದಿರುವುದಿಲ್ಲ ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್ಲಿಗೂ ನಿಷೇಧವಿದೆ.

ನಾಯಿ ಅಟ್ಟಿಸಿಕೊಂಡು ಬಂದಾಗ ವೇಗ ಹೆಚ್ಚಿಸಿದರೆ ಅದರ ಉತ್ಸಾಹವೂ ಹೆಚ್ಚುತ್ತದೆ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಹೆಚ್ಚಿನವು ಹಿಂತಿರುಗುತ್ತವೆ. ಕಚ್ಚಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆ ಸೇರಬೇಕು. ಲಸಿಕೆಯ ಕಂತುಗಳನ್ನು ಮುಂದಿನ ಊರುಗಳಲ್ಲಿ ತಪ್ಪದೆ ಮುಗಿಸಬೇಕು. ಹೊರಡುವ ಮೊದಲೇ ವೈದ್ಯರನ್ನು ಕಂಡು ಮುಂಜಾಗ್ರತೆಯ ರೇಬೀಸ್ ಲಸಿಕೆ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಲೂಬಹುದು.

ತಾಲೀಮು

ಎರಡೂವರೆ, ಮೂರು ತಿಂಗಳ ಅಭ್ಯಾಸದ ಕೊನೆಗೆ ಒಂದು ಪರೀಕ್ಷೆ ಉಂಟು. ಪ್ರಯಾಣಕ್ಕೆಂದು ಕಟ್ಟಿದ ಅಷ್ಟೂ ಸಾಮಾನನ್ನು ಹೇರಿಕೊಂಡು ಬೆಂಗಳೂರಿನಿಂದ ಶಿರಾ, ಶಿರಾದಿಂದ ಚಿತ್ರದುರ್ಗ, ಅಲ್ಲಿಂದ ದಾವಣಗೆರೆ. ಮೂರು ದಿನ, ಸುಮಾರು 260 ಕಿ.ಮೀ. ಬಿಡಿ ಸವಾರಿಗಳಲ್ಲಿ ಕಾಣದ ತಪ್ಪುಗಳೆಲ್ಲ ಇಲ್ಲಿ ಹೊರಬೀಳುತ್ತವೆ. ಕ್ಯಾರಿಯರಿನ ನಟ್ಟು ಸಡಿಲವಾಗುತ್ತದೆ, ಚೀಲಕ್ಕೆ ಹಿಮ್ಮಡಿ ತಾಗುತ್ತದೆ, ತಂದ ಅಂಗಿಗಳಲ್ಲಿ ಎರಡು ಬೇಡವೆನಿಸುತ್ತದೆ. ಮೂರನೆಯ ದಿನದ ಬೆಳಿಗ್ಗೆ ಸೀಟಿನ ಮೇಲೆ ಕೂರುವಾಗ ಏನನ್ನಿಸುತ್ತದೆ ಎಂಬುದೇ ಮುಖ್ಯ. ದಾವಣಗೆರೆಯ ಬೆಣ್ಣೆದೋಸೆ ಮುಗಿಸಿ, ಇನ್ನೂ ಹುಬ್ಬಳ್ಳಿಯವರೆಗೆ ಹೋಗಬಹುದಿತ್ತು ಎನ್ನಿಸಿದರೆ ಶ್ರೀನಗರದ ಟಿಕೆಟಿಗೆ ಕೈಹಾಕಬಹುದು. ಇಲ್ಲವಾದರೆ ಈ ವರ್ಷ ಬೆಂಗಳೂರು-ಕನ್ಯಾಕುಮಾರಿ ಸಾಕು.

ಟಿಕೆಟಿನ ವಿಷಯದಲ್ಲೂ ಒಂದು ಮಾತು. ಸೈಕಲ್ಲನ್ನು ರೈಲಿನ ಪಾರ್ಸೆಲ್ ಕಚೇರಿಯಲ್ಲಿ ಜಮ್ಮುವಿಗೆ ಬುಕ್ ಮಾಡಬಹುದು. ಪೆಡಲು ಕಳಚಿ, ಹ್ಯಾಂಡಲ್ ತಿರುಗಿಸಿ, ಗೇರಿನ ಭಾಗಕ್ಕೆ ದಪ್ಪ ರಟ್ಟು ಸುತ್ತಿ ಗೋಣಿಯಲ್ಲಿ ಹೊಲಿದು, ಹೆಸರು, ಫೋನ್ ಸಂಖ್ಯೆ, ತಲುಪಬೇಕಾದ ನಿಲ್ದಾಣವನ್ನು ಎರಡೂ ಬದಿಗೆ ದೊಡ್ಡಕ್ಷರದಲ್ಲಿ ಬರೆಯಬೇಕು. ಪ್ರಯಾಣಿಕರು ಏರಿದ ರೈಲಿನಲ್ಲೇ ಸೈಕಲ್ಲೂ ಏರುತ್ತದೆಂಬ ಖಾತರಿಯಿಲ್ಲ. ಅದು ಹಿಂದಿನ ರೈಲಿನಲ್ಲಿ ಬರುವವರೆಗೆ ಜಮ್ಮುವಿನಲ್ಲಿ ಒಂದೆರಡು ದಿನ ಕಾಯಲು ಕೈಯಲ್ಲಿ ಹಣವಿರಬೇಕು. ಕಾಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ರೈಲು ಓಡುತ್ತಿದೆಯಾದರೂ ಗೋಣಿಯಲ್ಲಿ ಹೊಲಿದ ಸೈಕಲ್ಲಿಗೆ ಜಮ್ಮುವಿನಿಂದ ಮುಂದಕ್ಕೆ ಬಾಡಿಗೆ ಗಾಡಿಯೇ ಸಲೀಸು. ಪೆಡಲುಗಳನ್ನು ಮಾತ್ರ ಗೋಣಿಯೊಳಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ ಎಂಬುದನ್ನು ಬಿಚ್ಚುವಾಗಲೇ ಕಲಿತಿದ್ದರೆ ಶ್ರೀನಗರದಲ್ಲಿ ಮತ್ತೆ ಜೋಡಿಸುವುದು ಐದು ನಿಮಿಷದ ಕೆಲಸ.